ಹವಾಮಾನ ಕೇಂದ್ರದಲ್ಲಿ ಉಷ್ಣಾಂಶ ಮತ್ತು ಆರ್ದ್ರತೆಯ ಸೆನ್ಸರ್ ಅಳವಡಿಸುವ ಕ್ರಮ

ಉಷ್ಣಾಂಶದ ಸೆನ್ಸರ್ ತೋರಿಸುವುದು ತನ್ನ ಮೈಯ ಉಷ್ಣಾಂಶವನ್ನು. ಅದು ಸುತ್ತಲಿನ ಗಾಳಿಯ ಉಷ್ಣಾಂಶವೇ ಆಗಿರುವಂತೆ ನೋಡಿಕೊಳ್ಳುವುದು ಅಳವಡಿಸುವವರ ಹೊಣೆ. ಬಿಸಿಲು ನೇರವಾಗಿ ತಾಗಿದರೆ, ಕಾದ ಕಾಂಕ್ರೀಟಿನ ಝಳ ಕೆಳಗಿನಿಂದ ಬಡಿದರೆ ಅಥವಾ ಬಿಸಿಲು ಮಳೆ ತಡೆಯಲು ಸೆನ್ಸರ್ ಸುತ್ತ ಹಾಕುವ ಕವಚದೊಳಗೆ ಗಾಳಿ ಆಡದಿದ್ದರೆ ಎಷ್ಟೇ ದುಬಾರಿ ಸೆನ್ಸರ್ ತಂದರೂ ಅಂಕಿ ದಾರಿ ತಪ್ಪುತ್ತದೆ. ಆರ್ದ್ರತೆಯ ವಿಷಯದಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆ ಉಷ್ಣಾಂಶದಲ್ಲಿ ಗಾಳಿಯಲ್ಲಿ ಇರಬಹುದಾದ ಗರಿಷ್ಠ ನೀರಾವಿಯಲ್ಲಿ ಈಗಿರುವುದು ಶೇಕಡ ಎಷ್ಟು ಎಂಬ ಸಾಪೇಕ್ಷ ಆರ್ದ್ರತೆಯ ಲೆಕ್ಕದಲ್ಲಿಯೇ ಉಷ್ಣಾಂಶ ಅಡಗಿದೆ. ಹೊರಗಿನ ಗಾಳಿ 31 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಆರ್ದ್ರತೆ ಶೇ 60 ಇದೆ ಎಂದುಕೊಳ್ಳೋಣ. ಕವಚ ಸರಿಯಿಲ್ಲದೆ ಸೆನ್ಸರ್ 33 ಡಿಗ್ರಿಗೆ ಕಾದರೆ, ಗಾಳಿಯಲ್ಲಿನ ನೀರಾವಿ ಒಂದಿಷ್ಟೂ ಬದಲಾಗದಿದ್ದರೂ ಆರ್ದ್ರತೆ ಸುಮಾರು ಶೇ 54 ಎಂದು ದಾಖಲಾಗುತ್ತದೆ. ಸೆನ್ಸರ್ ತಯಾರಕರು ಶೇ 2ರ ನಿಖರತೆಯ ಭರವಸೆ ಕೊಟ್ಟಿರುತ್ತಾರೆ. ಆ ಭರವಸೆ ಸುಳ್ಳಲ್ಲ, ಆದರೆ ಅಳವಡಿಕೆಯಲ್ಲಿ ಅದರ ಮೂರು ಪಟ್ಟು ದೋಷ ಸೇರಿಕೊಂಡಿರುತ್ತದೆ. ಹಣ ಸೀಮಿತವಾಗಿದ್ದಾಗ ಸೆನ್ಸರ್‌ನಲ್ಲಿ ಒಂದು ದರ್ಜೆ ಕೆಳಗಿಳಿದು, ಉಳಿದ ಹಣವನ್ನು ಕವಚಕ್ಕೂ ಜಾಗದ ಸಿದ್ಧತೆಗೂ ಹಾಕುವುದು ಲೇಸೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಅಂಕಿಗಳನ್ನು ದೂರಕ್ಕೆ ತಾವೇ ಕಳುಹಿಸುವ ಟೆಲಿಮೆಟ್ರಿಕ್ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ನಡೆಸುತ್ತಿದೆ. ಅದರ ಹೊರತಾಗಿ ಕಾಲೇಜುಗಳು, ಸಂಶೋಧನಾ ತಾಕುಗಳು, ಕಾಫಿ ತೋಟಗಳು, ದ್ರಾಕ್ಷಿ ಮತ್ತು ದಾಳಿಂಬೆ ಬೆಳೆಗಾರರು ತಮ್ಮದೇ ಸಣ್ಣ ಸ್ವಯಂಚಾಲಿತ ಕೇಂದ್ರಗಳನ್ನು ನಿಲ್ಲಿಸಿಕೊಳ್ಳುತ್ತಿದ್ದಾರೆ. ಈ ಬರಹ ಅಂಥ ಕೇಂದ್ರಗಳನ್ನು ಕೈಯಾರೆ ಕಟ್ಟುವವರಿಗಾಗಿ.

ಜಾಗ

ವಿಶ್ವ ಹವಾಮಾನ ಸಂಸ್ಥೆಯು ಉಷ್ಣಾಂಶ ಮತ್ತು ಆರ್ದ್ರತೆಯನ್ನು ಅಳೆಯುವ ಜಾಗಗಳನ್ನು 5 ದರ್ಜೆಗಳಾಗಿ ವಿಂಗಡಿಸುತ್ತದೆ. ಮೊದಲ ದರ್ಜೆಯ ಜಾಗ ಸಮತಟ್ಟಾಗಿರಬೇಕು, ನೆಲದ ಮೇಲಿನ ಹುಲ್ಲು 10 ಸೆಂಟಿಮೀಟರಿಗಿಂತ ಗಿಡ್ಡವಾಗಿರಬೇಕು, ಕಟ್ಟಡ, ಕಾಂಕ್ರೀಟ್ ಅಂಗಳ, ವಾಹನ ನಿಲುಗಡೆಯಂಥ ಶಾಖ ಸೂಸುವ ಮೈಗಳಿಂದಲೂ ಕೆರೆ ಕಟ್ಟೆಗಳಿಂದಲೂ 100 ಮೀಟರಿಗಿಂತ ದೂರವಿರಬೇಕು. ಎರಡನೆಯ ದರ್ಜೆಗೆ ಈ ದೂರ 30 ಮೀಟರ್, ಮೂರನೆಯದಕ್ಕೆ 10 ಮೀಟರ್. ನಾಲ್ಕನೆಯ ದರ್ಜೆಯಲ್ಲಿ ಜಾಗದ ಕಾರಣದಿಂದಲೇ 2 ಡಿಗ್ರಿಯಷ್ಟು, ಐದನೆಯದರಲ್ಲಿ 5 ಡಿಗ್ರಿಯಷ್ಟು ಅನಿಶ್ಚಿತತೆ ಸೇರಬಹುದೆಂದು ಸಂಸ್ಥೆ ಅಂದಾಜು ಮಾಡುತ್ತದೆ. ಊರೊಳಗಿನ ಕಾಲೇಜಿನ ಆವರಣದಲ್ಲಿ ಮೊದಲ ದರ್ಜೆಯ ಜಾಗ ಸಿಗುವುದಿಲ್ಲ. ಮೂರನೆಯ ದರ್ಜೆ ಸಿಕ್ಕರೂ ಕೆಲಸ ನಡೆಯುತ್ತದೆ, ಆದರೆ ದರ್ಜೆ ಯಾವುದೆಂಬುದನ್ನು ಕಡತದಲ್ಲಿ ಬರೆದಿಡಬೇಕು. ತಾರಸಿಯ ಮೇಲೆ ಮಾತ್ರ ಬೇಡ. ಕಳ್ಳರ ಮತ್ತು ದನಗಳ ಕಾಟ ತಪ್ಪುತ್ತದೆಂಬ ಕಾರಣಕ್ಕೆ ಅನೇಕರು ತಾರಸಿ ಏರುತ್ತಾರೆ, ಅಲ್ಲಿಂದ ಮುಂದೆ ಅವರು ಅಳೆಯುವುದು ತಾರಸಿಯ ಹವೆಯನ್ನೇ.

ಹುಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಿಡ್ಡ ಹುಲ್ಲು ಎಂದೊಡನೆ ಕೆಲವರು ರಾಯಚೂರಿನಂಥ ಒಣ ಸೀಮೆಯಲ್ಲಿಯೂ ದಿನವೂ ನೀರುಣಿಸಿ ಹಸಿರು ಹಾಸು ಬೆಳೆಸುತ್ತಾರೆ. ಆ ಹಾಸಿನ ಮೇಲಿನ ಗಾಳಿ ಸುತ್ತಲಿನ ಬಯಲಿಗಿಂತ ತಂಪಾಗಿಯೂ ತೇವವಾಗಿಯೂ ಇರುತ್ತದೆ. ನೆಲ ಆ ಸೀಮೆಯ ಸಹಜ ನೆಲವನ್ನು ಹೋಲಬೇಕು. ಬೇಸಿಗೆಯಲ್ಲಿ ಊರಿನ ಹುಲ್ಲೆಲ್ಲ ಒಣಗಿದ್ದರೆ ಕೇಂದ್ರದ ಹುಲ್ಲೂ ಒಣಗಿರಲಿ. ಕಾಫಿ ತೋಟದಲ್ಲಿ ನೆರಳು ಮರಗಳ ಕೆಳಗೆ ಕೇಂದ್ರ ನಿಲ್ಲಿಸುವವರು ರೋಗ ಮುನ್ಸೂಚನೆಗಾಗಿ ಎಲೆಗಳ ಮಟ್ಟದ ಹವೆಯನ್ನೇ ಅಳೆಯಲು ಬಯಸಿರಬಹುದು. ಅದು ಸರಿಯಾದ ಉದ್ದೇಶವೇ, ಆದರೆ ಆ ಅಂಕಿಗಳನ್ನು ಬಯಲಿನ ಕೇಂದ್ರದ ಅಂಕಿಗಳೊಂದಿಗೆ ಹೋಲಿಸುವಂತಿಲ್ಲ. ತುಂತುರು ನೀರಾವರಿಯ ನೀರಾಗಲಿ ಔಷಧ ಸಿಂಪಡಣೆಯ ಹನಿಗಳಾಗಲಿ ಸೆನ್ಸರ್‌ಗೆ ತಲುಪದಷ್ಟು ದೂರ ಬಿಡುವುದನ್ನೂ ಇಲ್ಲಿಯೇ ಯೋಚಿಸಬೇಕು.

ಸೆನ್ಸರ್‌ನ ಆಯ್ಕೆ

ಉಷ್ಣಾಂಶಕ್ಕೆ ಪಿಟಿ-100 ಎಂದು ಕರೆಯುವ ಪ್ಲಾಟಿನಂ ರೋಧಕ, ಆರ್ದ್ರತೆಗೆ ತೆಳು ಪಾಲಿಮರ್ ಪೊರೆಯ ಕೆಪಾಸಿಟಿವ್ ಸೆನ್ಸರ್, ಇವೆರಡೂ ಒಂದೇ ಕಡ್ಡಿಯೊಳಗೆ ಕೂಡಿರುವ ಪ್ರೋಬ್ ಸಾಮಾನ್ಯವಾಗಿ ವೃತ್ತಿಪರ ಕೇಂದ್ರಗಳಲ್ಲಿ ಕಾಣುತ್ತದೆ. ಕಡಿಮೆ ವೆಚ್ಚದ ಕೇಂದ್ರಗಳಲ್ಲಿ ಎಸ್‌ಎಚ್‌ಟಿ-31ರಂಥ ಡಿಜಿಟಲ್ ಚಿಪ್ ಇರುತ್ತದೆ. ಅದರ ಸಾಮಾನ್ಯ ನಿಖರತೆ ಉಷ್ಣಾಂಶದಲ್ಲಿ 0.2 ಡಿಗ್ರಿ, ಆರ್ದ್ರತೆಯಲ್ಲಿ ಶೇ 2 ಎಂದು ತಯಾರಕರು ಹೇಳುತ್ತಾರೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಡಿಎಚ್‌ಟಿ-22 ತರಗತಿಯ ಪ್ರಯೋಗಕ್ಕೆ ಸಾಕು, ವರ್ಷಗಟ್ಟಲೆ ಮಳೆಗಾಲ ಎದುರಿಸಬೇಕಾದ ಕೇಂದ್ರಕ್ಕೆ ಸಲ್ಲದು. ಯಾವುದನ್ನೇ ಕೊಂಡರೂ ಪಾಲಿಮರ್ ಪೊರೆಯ ಮೇಲೆ ಧೂಳು ತಡೆಯುವ ಶೋಧಕದ (ಫಿಲ್ಟರಿನ) ಟೋಪಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

ಹೊರಗೆ ಒಯ್ಯುವ ಮುನ್ನ ಮಾಡಬೇಕಾದ ಪರೀಕ್ಷೆ

ಹೊಸ ಸೆನ್ಸರ್ ಎಂದು ಕಣ್ಣುಮುಚ್ಚಿ ಕಂಬಕ್ಕೆ ಏರಿಸಬಾರದು. ಆರ್ದ್ರತೆಯನ್ನು ಮನೆಯಲ್ಲಿಯೇ ಪರೀಕ್ಷಿಸಲು ಉಪ್ಪಿನ ಪರ್ಯಾಪ್ತ ದ್ರಾವಣಕ್ಕಿಂತ, ಅಂದರೆ ಇನ್ನಷ್ಟು ಉಪ್ಪು ಕರಗಲಾರದ ನೀರಿಗಿಂತ, ಒಳ್ಳೆಯ ಉಪಾಯವಿಲ್ಲ. ಮುಚ್ಚಿದ ಡಬ್ಬಿಯೊಳಗೆ ಸೋಡಿಯಂ ಕ್ಲೋರೈಡಿನ ಪರ್ಯಾಪ್ತ ದ್ರಾವಣವಿದ್ದರೆ ಅದರ ಮೇಲಿನ ಗಾಳಿಯ ಆರ್ದ್ರತೆ 25 ಡಿಗ್ರಿಯಲ್ಲಿ ಶೇ 75.3ಕ್ಕೆ ಬಂದು ನಿಲ್ಲುತ್ತದೆ, ಕೋಣೆಯ ಉಷ್ಣಾಂಶ ನಾಲ್ಕೈದು ಡಿಗ್ರಿ ಆಚೀಚೆ ಆದರೂ ಈ ಅಂಕಿ ಹೆಚ್ಚು ಕದಲುವುದಿಲ್ಲ. ಮೆಗ್ನೀಸಿಯಂ ಕ್ಲೋರೈಡ್ ಬಳಸಿದರೆ ಶೇ 32.8 ಸಿಗುತ್ತದೆ. ಹೀಗೆ ಮೇಲೊಂದು ಕೆಳಗೊಂದು ಎರಡು ಬಿಂದುಗಳಲ್ಲಿ ಸೆನ್ಸರ್‌ನ ನಡತೆ ತಿಳಿಯುತ್ತದೆ.

ಪ್ರಯೋಗಾಲಯ ದರ್ಜೆಯ ಉಪ್ಪನ್ನು ಸಣ್ಣ ಬಟ್ಟಲಿಗೆ ಹಾಕಿ, ಅದರ ಮೇಲೆ ಭಟ್ಟಿ ಇಳಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಹನಿಸಿ, ಒದ್ದೆ ಮರಳಿನಂತಾದಾಗ ನಿಲ್ಲಿಸಬೇಕು; ಕರಗದ ಉಪ್ಪು ಕೊನೆಯವರೆಗೂ ಕಣ್ಣಿಗೆ ಕಾಣುತ್ತಿರಬೇಕು, ಕಾಣದಿದ್ದರೆ ಅದು ಪರ್ಯಾಪ್ತ ದ್ರಾವಣವಲ್ಲ. ಬಟ್ಟಲನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಸೆನ್ಸರ್ ದ್ರಾವಣಕ್ಕೆ ತಾಗದಂತೆ ಮೇಲೆ ತೂಗಿಬಿಟ್ಟು, ಕೇಬಲ್ ಹೊರಬರುವ ತೂತನ್ನು ಮುಚ್ಚಿ, ಬಿಸಿಲು ಬೀಳದ ಕೋಣೆಯಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಅಂಕಿ ಶೇ 73ರಿಂದ 77ರ ನಡುವೆ ಸ್ಥಿರವಾಗಿದ್ದರೆ ಸೆನ್ಸರ್ ಸರಿಯಿದೆ. ಎರಡೂ ಉಪ್ಪುಗಳಲ್ಲಿ ಒಂದೇ ದಿಕ್ಕಿಗೆ ಒಂದೇ ಪ್ರಮಾಣದ ವ್ಯತ್ಯಾಸ ಕಂಡರೆ ಅದನ್ನು ತಿದ್ದುಪಡಿಯಾಗಿ ಬರೆದಿಟ್ಟುಕೊಳ್ಳಬಹುದು. ವ್ಯತ್ಯಾಸ ಶೇ 5 ಮೀರಿದರೆ ಸೆನ್ಸರನ್ನು ಹಿಂದಿರುಗಿಸುವುದೇ ಸರಿ. ತೂತು ಮುಚ್ಚಲು ವಿನಿಗರ್ ವಾಸನೆ ಬರುವ ಸಿಲಿಕೋನ್ ಅಂಟನ್ನು ಮಾತ್ರ ಬಳಸಬೇಡಿ. ಅದರಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಪಾಲಿಮರ್ ಪೊರೆಗೆ ಹಾನಿ ಮಾಡುತ್ತದೆ. ಮುಂದೆ ಕವಚ ಜೋಡಿಸುವಾಗಲೂ ಇದು ನೆನಪಿರಲಿ.

ಉಷ್ಣಾಂಶಕ್ಕೆ ಮಂಜುಗಡ್ಡೆಯ ಪರೀಕ್ಷೆ. ಭಟ್ಟಿ ನೀರಿನ ಮಂಜುಗಡ್ಡೆಯನ್ನು ನುಣ್ಣಗೆ ಕುಟ್ಟಿ, ಅದೇ ನೀರು ಬೆರೆಸಿ ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿ, ನೀರು ಒಳಹೋಗದ ಪಿಟಿ-100 ಕಡ್ಡಿಯನ್ನು ಅದರಲ್ಲಿ ಅದ್ದಿದರೆ 0 ಡಿಗ್ರಿ ತೋರಿಸಬೇಕು, ಅಂದರೆ ರೋಧ 100 ಓಮ್ ಇರಬೇಕು. ಆರ್ದ್ರತೆಯ ಸೆನ್ಸರ್ ಕೂಡಿರುವ ಪ್ರೋಬನ್ನು ಎಂದಿಗೂ ನೀರಿಗೆ ಅದ್ದಬಾರದು. ಪ್ರಮಾಣಪತ್ರ ಬೇಕಿರುವವರು ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ.

ಕಂಬ ಮತ್ತು ಎತ್ತರ

ಎರಡು ಇಂಚಿನ ಜಿಐ ಪೈಪ್ ಸಾಕು. ಕೆಂಪು ಮಣ್ಣಿನಲ್ಲಿ 60 ಸೆಂಟಿಮೀಟರ್ ಆಳದ ಗುಂಡಿ ತೋಡಿ ಕಾಂಕ್ರೀಟ್ ಹಾಕಿದರೆ ಕಂಬ ನಿಲ್ಲುತ್ತದೆ. ಎರೆಮಣ್ಣಿನಲ್ಲಿ ಹಾಗಲ್ಲ, ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವುದರಿಂದ ಒಂದೆರಡು ವರ್ಷದಲ್ಲಿ ಕಂಬ ವಾಲುತ್ತದೆ, ಆದ್ದರಿಂದ ಗುಂಡಿ ಇನ್ನಷ್ಟು ಆಳವಿರಲಿ, ತಳ ಅಗಲವಿರಲಿ. ಕಾಂಕ್ರೀಟ್ ಗಟ್ಟಿಯಾಗುವ ಮುನ್ನ ರಸಮಟ್ಟವನ್ನು ಕಂಬದ ಎರಡು ಮಗ್ಗುಲಿಗೂ ಹಿಡಿದು ನೋಡಬೇಕು. ಕಾಂಕ್ರೀಟಿನ ಮೇಲ್ಮೈಯನ್ನು ನೆಲಮಟ್ಟದಿಂದ ಕೆಳಗೇ ನಿಲ್ಲಿಸಿ ಮೇಲೆ ಮಣ್ಣು ಮುಚ್ಚಿದರೆ, ಸೆನ್ಸರ್‌ನ ಕೆಳಗೆ ಕಾಯುವ ಕಟ್ಟೆಯೊಂದು ಉಳಿಯುವುದಿಲ್ಲ.

ಸೆನ್ಸರ್ ನೆಲದಿಂದ 1.25ರಿಂದ 2 ಮೀಟರ್ ಎತ್ತರದೊಳಗೆ ಇರಬೇಕು. ಈ ಅಳತೆಯನ್ನು ಕವಚದ ತಳದಿಂದಲ್ಲ, ಒಳಗಿರುವ ಸೆನ್ಸರ್‌ನ ತುದಿಯಿಂದ ತೆಗೆದುಕೊಳ್ಳಬೇಕು. ಎಲ್ಲ ಕೇಂದ್ರಗಳಲ್ಲಿಯೂ ಒಂದೇ ಎತ್ತರ, ಉದಾಹರಣೆಗೆ 1.5 ಮೀಟರ್, ಇಟ್ಟುಕೊಂಡರೆ ಮುಂದೆ ಹೋಲಿಕೆ ಸುಲಭ. ಕಂಬದಿಂದ ಅರ್ಧ ಮೀಟರ್ ಹೊರಚಾಚಿದ ಅಡ್ಡತೋಳಿನ ತುದಿಗೆ ಕವಚವನ್ನು ಯು-ಬೋಲ್ಟಿನಿಂದ ಬಿಗಿಯಬೇಕು, ಏಕೆಂದರೆ ಮಧ್ಯಾಹ್ನದ ಕಬ್ಬಿಣದ ಕಂಬವೂ ಒಂದು ಒಲೆಯೇ. ಸೌರಫಲಕ ಮತ್ತು ಬ್ಯಾಟರಿ ಪೆಟ್ಟಿಗೆಗೆ ಸಾಧ್ಯವಾದರೆ ಬೇರೆ ಕಂಬ ಕೊಡಿ. ಅದೇ ಕಂಬದಲ್ಲಿ ಇರಲೇಬೇಕಾದರೆ ಫಲಕ ದಕ್ಷಿಣಕ್ಕೆ, ಸೆನ್ಸರ್‌ನ ತೋಳು ಉತ್ತರಕ್ಕೆ ಇರಲಿ. ಫಲಕ ಎಂದಿಗೂ ಸೆನ್ಸರ್‌ನ ನೇರ ಕೆಳಗೆ ಬರಬಾರದು.

ಕವಚ

ಓರೆಪಟ್ಟಿಗಳ ಬಿಳಿ ಮರದ ಪೆಟ್ಟಿಗೆ 19ನೆಯ ಶತಮಾನದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಅವರ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೈಯಿಂದ ಓದುವ ತಾಪಮಾಪಕಗಳಿರುವ ಕೇಂದ್ರಗಳಲ್ಲಿ ಅದು ಬೇಕೇ ಬೇಕು. ಅದರ ಬಾಗಿಲು ಉತ್ತರಕ್ಕೆ ತೆರೆಯಬೇಕೆಂಬುದು ಉತ್ತರಾರ್ಧಗೋಳದ ನಿಯಮ. ಆದರೆ ನಮ್ಮ ಅಕ್ಷಾಂಶಗಳಲ್ಲಿ ಈ ನಿಯಮ ವರ್ಷವಿಡೀ ನೆರವಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರವರೆಗೆ ಉತ್ತರದ ಬದಿಯಲ್ಲಿಯೇ ಇರುತ್ತಾನೆ. ಜೂನ್ ತಿಂಗಳ ಬೆಳಿಗ್ಗೆ 8:30ರ ಓದಿಗೆ ಬಾಗಿಲು ತೆರೆದರೆ ಈಶಾನ್ಯದ ಕಡೆಯ ಬಿಸಿಲು ಓರೆಯಾಗಿ ತಾಪಮಾಪಕದ ಬಲ್ಬಿನ ಮೇಲೆ ಬೀಳಬಹುದು. ಆ ತಿಂಗಳುಗಳಲ್ಲಿ ಓದುವವರು ತಮ್ಮ ಮೈಯ ನೆರಳು ಬೀಳುವಂತೆ ನಿಂತು ಬೇಗ ಓದಿ ಮುಚ್ಚಬೇಕು.

ಸ್ವಯಂಚಾಲಿತ ಕೇಂದ್ರಕ್ಕೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಪ್ಲಾಸ್ಟಿಕ್ ಕವಚ ಸಾಕಾಗುತ್ತದೆ. ಗಾಳಿ ಬೀಸುತ್ತಿರುವಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಳಿ ಸೆಕೆಂಡಿಗೆ 1 ಮೀಟರಿಗೆ ಇಳಿದು ಬಿಸಿಲು ಪ್ರಖರವಾಗಿದ್ದಾಗ ಒಳ್ಳೆಯ ಕವಚದಲ್ಲಿಯೂ ಒಂದೂವರೆ ಡಿಗ್ರಿಯಷ್ಟು ಹೆಚ್ಚಳ ಕಾಣಬಹುದು. ಇದನ್ನು ತಪ್ಪಿಸಲು ಫ್ಯಾನ್ ಇರುವ ಕವಚಗಳಿವೆ, ಆದರೆ ಅವುಗಳಿಗೆ ನಿರಂತರ ವಿದ್ಯುತ್ ಬೇಕು, ಫ್ಯಾನ್ ನಿಂತರೆ ಒಳಗಿನ ಗಾಳಿ ಕಟ್ಟಿಕೊಂಡು ಸಾಧಾರಣ ಕವಚಕ್ಕಿಂತ ಕೆಟ್ಟ ಅಂಕಿ ಬರುತ್ತದೆ. ದಿನವೂ ಹೋಗಿ ನೋಡಲಾಗದ ದೂರದ ಕೇಂದ್ರಕ್ಕೆ ನಾನು ಫ್ಯಾನ್ ಇಲ್ಲದ ಕವಚವನ್ನೇ ಸೂಚಿಸುತ್ತೇನೆ. ಸೆನ್ಸರ್‌ನ ತುದಿ ಕವಚದ ಎತ್ತರದ ನಡುಭಾಗಕ್ಕೆ ಬರುವಂತೆ ಕೂರಿಸಿ, ಯಾವ ತಟ್ಟೆಗೂ ತಾಗದಂತೆ ನೋಡಿ ಬಿಗಿಯಿರಿ. ಕೆಲವು ಸೆನ್ಸರ್‌ಗಳ ಶೋಧಕದ ಮೇಲೆ ಸಾಗಾಟದ ರಕ್ಷಣೆಗೆಂದು ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ. ಕವಚ ಮುಚ್ಚುವ ಮುನ್ನ ಅದನ್ನು ತೆಗೆದಿದ್ದೀರಾ ಎಂದು ಒಮ್ಮೆ ನೋಡಿ.

ತಂತಿ ಜೋಡಣೆ

ಪಿಟಿ-100ರ ರೋಧ ಪ್ರತಿ ಡಿಗ್ರಿಗೆ 0.385 ಓಮ್ ಮಾತ್ರ ಬದಲಾಗುತ್ತದೆ. ಸಾಮಾನ್ಯ ಸಿಗ್ನಲ್ ಕೇಬಲಿನ ತೆಳು ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.08 ಓಮ್ ರೋಧವಿರುತ್ತದೆ. ಅಂಕಿಗಳನ್ನು ಓದಿ ದಾಖಲಿಸುವ ಲಾಗರ್ 10 ಮೀಟರ್ ದೂರವಿದ್ದರೆ ಹೋಗುವ ಎಳೆ ಬರುವ ಎಳೆ ಸೇರಿ 20 ಮೀಟರ್, ಅಂದರೆ 1.6 ಓಮ್. ಎರಡೇ ಎಳೆಗಳಲ್ಲಿ ಜೋಡಿಸಿದರೆ ಈ 1.6 ಓಮ್ ಕೂಡ ಸೆನ್ಸರ್‌ನದ್ದೆಂದೇ ಲೆಕ್ಕವಾಗಿ ಉಷ್ಣಾಂಶ 4 ಡಿಗ್ರಿಗಿಂತ ಹೆಚ್ಚು ಏರಿ ಕಾಣುತ್ತದೆ. ಆದ್ದರಿಂದ ನಾಲ್ಕು ಎಳೆಗಳ ಜೋಡಣೆಯನ್ನೇ ಮಾಡಬೇಕು: ಸೆನ್ಸರ್‌ನ ಒಂದು ತುದಿಯಿಂದ ಒಂದೇ ಬಣ್ಣದ ಎರಡು ಎಳೆ, ಇನ್ನೊಂದು ತುದಿಯಿಂದ ಇನ್ನೊಂದು ಬಣ್ಣದ ಎರಡು ಎಳೆ ಹೊರಡುತ್ತವೆ, ಪ್ರತಿ ಬಣ್ಣದ ಒಂದು ಎಳೆ ವಿದ್ಯುತ್ ಹರಿಸಲು, ಮತ್ತೊಂದು ವೋಲ್ಟೇಜ್ ಅಳೆಯಲು ಹೋಗುತ್ತದೆ. ಲಾಗರಿನಲ್ಲಿ ಮೂರು ಎಳೆಗಳಿಗಷ್ಟೇ ಅವಕಾಶವಿದ್ದರೆ ಎಲ್ಲ ಎಳೆಗಳೂ ಒಂದೇ ದಪ್ಪ, ಒಂದೇ ಉದ್ದ ಇರಬೇಕು.

ಡಿಜಿಟಲ್ ಸೆನ್ಸರ್‌ಗಳಲ್ಲಿ ಈ ತೊಂದರೆಯಿಲ್ಲ, ಬೇರೆ ತೊಂದರೆಯಿದೆ. ಐ-ಸ್ಕ್ವೇರ್-ಸಿ ಸಂಪರ್ಕ ಒಂದೇ ಬೋರ್ಡಿನೊಳಗಿನ ಮಾತುಕತೆಗೆಂದು ಮಾಡಿದ್ದು, ಕೇಬಲ್ ಕೆಲವೇ ಮೀಟರ್ ಉದ್ದವಾದರೂ ನಡುನಡುವೆ ಓದು ತಪ್ಪಿಹೋಗುತ್ತದೆ. ಹತ್ತಾರು ಮೀಟರ್ ದೂರಕ್ಕೆ ಎಸ್‌ಡಿಐ-12, ಅದಕ್ಕೂ ಮೀರಿದರೆ ಆರ್‌ಎಸ್-485 ಸಂಪರ್ಕ ಇರುವ ಪ್ರೋಬ್ ಕೊಳ್ಳುವುದು ಲೇಸು. ಆರ್‌ಎಸ್-485ರ ಎ ಮತ್ತು ಬಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಜೋಡಿಯಾಗಿರಬೇಕು. ಲೈನ್ ಉದ್ದವಿದ್ದರೆ ಎರಡು ಕೊನೆಗಳಲ್ಲಿಯೂ 120 ಓಮ್ ರೋಧಕ ಹಾಕಬೇಕು. ಎ ಮತ್ತು ಬಿ ಅದಲು ಬದಲಾದರೆ ಏನೂ ಸುಡುವುದಿಲ್ಲ, ಲಾಗರಿಗೆ ಉತ್ತರ ಬರುವುದಿಲ್ಲ ಅಷ್ಟೆ. ಹೊಸ ಕೇಂದ್ರ ಮೌನವಾಗಿದ್ದರೆ ಮೊದಲು ಈ ಎರಡು ಎಳೆಗಳನ್ನು ಬದಲಿಸಿ ನೋಡಬೇಕು.

ಕೇಬಲಿನ ಲೋಹದ ಹೊದಿಕೆಯನ್ನು ಲಾಗರಿನ ಬದಿಯಲ್ಲಿ ಮಾತ್ರ ಭೂಮಿಗೆ ಜೋಡಿಸಬೇಕು. ಪೆಟ್ಟಿಗೆಯೊಳಗೆ ಕೇಬಲ್ ಕೆಳಗಿನಿಂದಲೇ ಪ್ರವೇಶಿಸಬೇಕು, ಪ್ರವೇಶಿಸುವ ಮುನ್ನ ಒಂದು ಜೋಲು ಬಾಗು ಬಿಟ್ಟಿದ್ದರೆ ಕೇಬಲ್ ಗುಂಟ ಇಳಿಯುವ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಕಟ್ಟಲು ಬಿಸಿಲು ತಡೆಯುವ ಕಪ್ಪು ಟೈಗಳನ್ನು ಬಳಸಿ. ಬಿಳಿಯವು ಬಿಸಿಲಿಗೆ ಬೇಗ ಪುಡಿಯಾಗುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುನ್ನ ಅರ್ಥಿಂಗ್ ಮತ್ತು ಸಿಡಿಲಿನ ವೇಳೆ ತಂತಿಗೆ ನುಗ್ಗುವ ವಿದ್ಯುತ್ತನ್ನು ತಡೆಯುವ ಸರ್ಜ್ ರಕ್ಷಕ ಎರಡೂ ಸಿದ್ಧವಿರಬೇಕು.

ಲಾಗರಿನ ಹೊಂದಿಕೆ

ಹತ್ತು ಸೆಕೆಂಡಿಗೊಮ್ಮೆ ಓದಿ, ಒಂದು ನಿಮಿಷದ ಸರಾಸರಿ ತೆಗೆದು, 15 ನಿಮಿಷಕ್ಕೊಮ್ಮೆ ದಾಖಲಿಸಿದರೆ ಸಾಮಾನ್ಯ ಉಪಯೋಗಕ್ಕೆ ಸಾಕು. ಗರಿಷ್ಠ ಮತ್ತು ಕನಿಷ್ಠಗಳನ್ನು ನಿಮಿಷದ ಸರಾಸರಿಗಳಿಂದಲೇ ಆರಿಸಬೇಕು. ಸಮಯ ಭಾರತೀಯ ಕಾಲಮಾನವೋ ಅಂತರರಾಷ್ಟ್ರೀಯ ಕಾಲಮಾನವೋ ಎಂಬುದನ್ನು ಕಡತದ ತಲೆಯಲ್ಲಿಯೇ ಬರೆದಿರಬೇಕು. ಐದೂವರೆ ಗಂಟೆಯ ಈ ಅಂತರ ಮರೆತರೆ ದಿನದ ಗರಿಷ್ಠ ಉಷ್ಣಾಂಶ ಬೆಳಗಿನ ಹೊತ್ತಿಗೆ ಬಂದು ಕೂರುತ್ತದೆ.

ಸ್ಥಳದಲ್ಲಿ ಹೋಲಿಕೆ

ಎಲ್ಲವೂ ಕುಳಿತ ಮೇಲೆ ಫ್ಯಾನ್ ಇರುವ ಸೈಕ್ರೋಮೀಟರ್ (ಒಂದರ ಬಲ್ಬ್ ಒಣಗಿದ್ದು, ಇನ್ನೊಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿರುವ ಜೋಡಿ ತಾಪಮಾಪಕ) ತಂದು ಕವಚದ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ನೆರಳು ಮಾಡಿ ಹಿಡಿದು ಶುಷ್ಕ ಮತ್ತು ಆರ್ದ್ರ ಬಲ್ಬುಗಳ ಉಷ್ಣಾಂಶ ಓದಬೇಕು. ಮೋಡ ಮುಚ್ಚಿ ಗಾಳಿ ಬೀಸುವ ಹೊತ್ತಿನಲ್ಲಿ ಒಮ್ಮೆ, ಗಾಳಿಯಿಲ್ಲದ ಬಿಸಿಲಿನಲ್ಲಿ ಒಮ್ಮೆ ಹೋಲಿಸಿದರೆ ಸೆನ್ಸರ್‌ನ ದೋಷವನ್ನೂ ಕವಚದ ದೋಷವನ್ನೂ ಬೇರ್ಪಡಿಸಬಹುದು: ಮೊದಲ ಹೋಲಿಕೆಯಲ್ಲಿಯೂ ವ್ಯತ್ಯಾಸವಿದ್ದರೆ ಅದು ಸೆನ್ಸರ್‌ನದ್ದು ಅಥವಾ ತಂತಿಯದ್ದು, ಎರಡನೆಯದರಲ್ಲಿ ಮಾತ್ರ ಕಂಡರೆ ಕವಚದ್ದು. ಆರ್ದ್ರ ಬಲ್ಬಿನ ಬಟ್ಟೆ ಹೊಸದಾಗಿರಬೇಕು, ನೀರು ಭಟ್ಟಿಯದಾಗಿರಬೇಕು. ಕೊಳವೆಬಾವಿಯ ಗಡಸು ನೀರಿನ ಲವಣ ಬಟ್ಟೆಯಲ್ಲಿ ಕಟ್ಟಿಕೊಂಡರೆ ಬಲ್ಬ್ ತಣ್ಣಗಾಗುವುದು ಕಡಿಮೆಯಾಗಿ ಆರ್ದ್ರತೆ ಹೆಚ್ಚು ಬರುತ್ತದೆ.

ಈ ಎರಡು ಬಲ್ಬುಗಳ ಉಷ್ಣಾಂಶದಿಂದ ಆರ್ದ್ರತೆ ತಿಳಿಯುವ ಕೋಷ್ಟಕ ಬಳಸುವಾಗ ಅದು ಯಾವ ವಾಯುಭಾರಕ್ಕೆ ಮಾಡಿದ್ದೆಂದು ನೋಡಿ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 910 ಹೆಕ್ಟೊಪ್ಯಾಸ್ಕಲ್. ಬೇಸಿಗೆಯ ಮಧ್ಯಾಹ್ನ ಶುಷ್ಕ ಬಲ್ಬ್ 34, ಆರ್ದ್ರ ಬಲ್ಬ್ 20 ಡಿಗ್ರಿ ತೋರಿಸಿದರೆ ಇಲ್ಲಿನ ವಾಯುಭಾರಕ್ಕೆ ಆರ್ದ್ರತೆ ಶೇ 28 ಆಗುತ್ತದೆ, ಮಂಗಳೂರಿಗೆ ಹೊಂದುವ ಸಮುದ್ರಮಟ್ಟದ ಕೋಷ್ಟಕ ನೋಡಿದರೆ ಶೇ 26 ಬರುತ್ತದೆ. ಸೆನ್ಸರ್‌ನ ನಿಖರತೆಯೇ ಶೇ 2 ಆಗಿರುವಾಗ ಈ ತಪ್ಪು ಕೋಷ್ಟಕ ಒಳ್ಳೆಯ ಸೆನ್ಸರನ್ನೂ ಕೆಟ್ಟದ್ದೆಂದು ಹೇಳಿಬಿಡುತ್ತದೆ. ಮಲೆನಾಡಿನವರಿಗೆ ಖರ್ಚಿಲ್ಲದ ಇನ್ನೊಂದು ಪರೀಕ್ಷೆಯಿದೆ: ದಟ್ಟ ಮಂಜು ಕವಿದ ಬೆಳಗಿನಲ್ಲಿ ಆರ್ದ್ರತೆ ಶೇ 100ರ ಆಸುಪಾಸಿನಲ್ಲಿ ಇರಲೇಬೇಕು, ಶೇ 92ರಲ್ಲಿ ನಿಂತಿದ್ದರೆ ಸೆನ್ಸರ್ ಮತ್ತೆ ಉಪ್ಪಿನ ಡಬ್ಬಿಗೆ ಹೋಗಬೇಕು.

ನಿರ್ವಹಣೆ

ಕವಚದ ತಟ್ಟೆಗಳ ನಡುವಿನ ಸಂದು ಹುಳುಗಳಿಗೆ ಬಲು ಇಷ್ಟದ ಜಾಗ. ಜೇಡ ಬಲೆ ಕಟ್ಟುತ್ತದೆ, ಕಣಜ ಕೆಸರು ಮೆತ್ತಿ ಗೂಡು ಮಾಡುತ್ತದೆ. ಒಂದು ಗೂಡು ಸಾಕು, ಎರಡು ತಟ್ಟೆಗಳ ನಡುವಿನ ಗಾಳಿಯ ದಾರಿ ಮುಚ್ಚಿಹೋಗುತ್ತದೆ, ಮಳೆಯಲ್ಲಿ ಆ ಕೆಸರು ತೇವ ಹಿಡಿದು ಆರ್ದ್ರತೆಯನ್ನೂ ಏರಿಸುತ್ತದೆ. ಕೀಟನಾಶಕ ಸಿಂಪಡಿಸಿ ಓಡಿಸುವ ಯೋಚನೆ ಬೇಡ, ಅದರ ದ್ರಾವಕ ಪಾಲಿಮರ್ ಪೊರೆಗೆ ವಿಷ. ತಿಂಗಳಿಗೊಮ್ಮೆ ಸೆನ್ಸರನ್ನು ಹೊರತೆಗೆದು, ಕವಚವನ್ನು ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ತೊಳೆದು ಒಣಗಿಸಿ ಮತ್ತೆ ಜೋಡಿಸುವುದೇ ದಾರಿ. ಹಳದಿಗಟ್ಟಿದ ಕವಚ ಬಿಸಿಲನ್ನು ಹೀರತೊಡಗಿರುತ್ತದೆ, ಅದನ್ನು ಬದಲಿಸಬೇಕು. ಕರಾವಳಿಯಲ್ಲಿ ಶೋಧಕದ ಮೇಲೆ ಉಪ್ಪಿನ ಅಂಶ ಕೂರುವುದರಿಂದ ಟೋಪಿಯನ್ನು ವರ್ಷಕ್ಕೊಮ್ಮೆಯಾದರೂ ಹೊಸದು ಹಾಕಬೇಕು.

ವಾರಗಟ್ಟಲೆ ಶೇ 100ರ ಬಳಿಯಲ್ಲಿಯೇ ಇರುವ ಕೆಪಾಸಿಟಿವ್ ಸೆನ್ಸರ್ ನಿಧಾನವಾಗಿ ಮೇಲಕ್ಕೆ ಜಾರುತ್ತದೆ, ಆದ್ದರಿಂದ ಮುಂಗಾರು ಮುಗಿದ ಮೇಲೆ, ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ, ಉಪ್ಪಿನ ಪರೀಕ್ಷೆ ಮಾಡುವುದು ಉಚಿತ. ಸೆನ್ಸರ್ ಬದಲಿಸುವಾಗ ಹಳೆಯದನ್ನು ಕೂಡಲೇ ತೆಗೆಯದೆ, ಹೊಸದರ ಜೊತೆಗೆ ಅದನ್ನೂ ಕೆಲವು ವಾರ ನಡೆಸಿ ಎರಡರ ಜೋಡಿ ದಾಖಲೆ ಪಡೆಯಬೇಕು. ಬದಲಿಸಿದ ದಿನಾಂಕ, ಎರಡರ ಕ್ರಮಸಂಖ್ಯೆ, ಎತ್ತರ, ಹೋಲಿಕೆಯ ವ್ಯತ್ಯಾಸ ಮತ್ತು ಕಂಬದಿಂದ ನಾಲ್ಕು ದಿಕ್ಕಿಗೆ ತೆಗೆದ ಚಿತ್ರಗಳು ಆ ಕೇಂದ್ರದ ಕಡತದಲ್ಲಿ ಸೇರಬೇಕು. ಚಿತ್ರಗಳನ್ನು ಪ್ರತಿ ವರ್ಷ ಅದೇ ತಿಂಗಳಲ್ಲಿ ಮತ್ತೆ ತೆಗೆದರೆ ಪಕ್ಕದ ಮರ ಬೆಳೆದದ್ದೂ ಬೇಲಿಯಾಚೆ ಹೊಸ ಶೆಡ್ ಎದ್ದದ್ದೂ ಅಂಕಿಗಳ ಜೊತೆಗೆ ದಾಖಲಾಗಿರುತ್ತದೆ.